ತಲೆಯ ಗುಳಿಗೆ, ಎದೆಯ ಬಾವು



ಜತ್ತ ತಾಲೂಕಿನ ಕನ್ನಡ ಶಾಲೆಯ ಮಕ್ಕಳಿಗೆ ಯಾವ ಪಠ್ಯಪುಸ್ತಕದಲ್ಲೂ ಬರೆಯದ ಒಂದು ಕೆಲಸ ಇರುತ್ತದೆ. ಮನೆಯಲ್ಲಿ ಅವ್ವ, ಆಯಿ, ಮುತ್ಯಾ ಎಲ್ಲರೂ ಕನ್ನಡ ಮಾತಾಡ್ತಾರ. ಮಿರಜ ಅಥವಾ ಸಾಂಗಲಿಯ ದವಾಖಾನೆಗೆ ಹೋದರೆ ಡಾಕ್ಟರು ಮರಾಠಿ ಮಾತಾಡ್ತಾರ. ಅವರು ಬರೆದುಕೊಡುವ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಈ ಮೂರು ಭಾಷೆಗಳ ನಡುವೆ ನಿಂತು ಇತ್ತಲಿಂದ ಅತ್ತ, ಅತ್ತಲಿಂದ ಇತ್ತ ಹೇಳುವವರು ಎಷ್ಟೋ ಮನೆಗಳಲ್ಲಿ ಎಂಟನೆಯ, ಒಂಬತ್ತನೆಯ ವರ್ಗದ ಹುಡುಗ-ಹುಡುಗಿಯರೇ. ಗುಳಿಗೆಯ ಹಾಳೆ ತಿರುಗಿಸಿ ಹೆಸರು ಓದುವವರೂ ನೀವೇ. ಅದಕ್ಕಾಗಿ ಈ ಸಲ ಒಂದು ಗುಳಿಗೆಯ ವಿಷಯ ಸವಿಸ್ತಾರವಾಗಿ ಬರೆಯುತ್ತಿದ್ದೇನೆ. ಅದರ ಹೆಸರು ಕ್ಲೋಜಪಿನ್. ಮನಸ್ಸಿನ ಒಂದು ದೊಡ್ಡ ಕಾಯಿಲೆಗೆ ಕೊಡುವ ಔಷಧಿ. ತಲೆಗೆಂದು ಕೊಟ್ಟ ಈ ಗುಳಿಗೆ ಅಪರೂಪಕ್ಕೆ ಕೆಲವರ ಹೃದಯದ ಸ್ನಾಯುವಿಗೆ ಬಾವು ತರುತ್ತದೆ. ಅದನ್ನು ವೇಳೆಗೆ ಗುರುತಿಸಿದರೆ ಮನುಷ್ಯ ಉಳಿಯುತ್ತಾನೆ, ಗುರುತಿಸದಿದ್ದರೆ ಜೀವಕ್ಕೇ ಅಪಾಯ.

ಯಾರಿಗೆ ಕೊಡುತ್ತಾರೆ?

ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ ಇದೆ. ಕನ್ನಡ ಪುಸ್ತಕಗಳಲ್ಲಿ ಇದನ್ನು ಚಿತ್ತವಿಕಲತೆ ಎಂದೂ ಬರೆಯುತ್ತಾರೆ. ಹೆಚ್ಚಾಗಿ ಹದಿಹರೆಯ ದಾಟುವ ಹೊತ್ತಿಗೆ, ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಯಾರೂ ಮಾತಾಡದಿದ್ದರೂ ಕಿವಿಯಲ್ಲಿ ಮಾತು ಕೇಳುತ್ತದೆ. ಓಣಿಯವರೆಲ್ಲ ಕೂಡಿ ತನಗೆ ಕೇಡು ಬಗೆಯುತ್ತಿದ್ದಾರೆ ಎಂದು ಗಟ್ಟಿಯಾಗಿ ಅನಿಸುತ್ತದೆ. ಕೆಲವರು ಮಾತು ಬಿಟ್ಟು, ಜಳಕ ಬಿಟ್ಟು ಮೂಲೆ ಹಿಡಿದು ಕೂಡುತ್ತಾರೆ. ಊರಲ್ಲಿ ಅಂಥವರನ್ನು ಕಂಡರೆ "ಹುಚ್ಚ ಹಿಡದೈತಿ" ಅಂದು ಬಿಡ್ತಾರ. ಆ ಶಬ್ದ ನಾವು ಬಿಟ್ಟರೆ ಒಳ್ಳೆಯದು. ಸಕ್ಕರೆ ಕಾಯಿಲೆಯವರಿಗೆ ಮೇದೋಜೀರಕ ಗ್ರಂಥಿಯಲ್ಲಿ ತೊಂದರೆ ಇದ್ದಂತೆ ಇವರಿಗೆ ಮಿದುಳಿನ ರಾಸಾಯನಿಕ ಕೆಲಸದಲ್ಲಿ ತೊಂದರೆ ಇರುತ್ತದೆ, ಅಷ್ಟೇ.

ಈ ಕಾಯಿಲೆಗೆ ಮೊದಲ ಒಳ್ಳೆಯ ಆಧುನಿಕ ಔಷಧಿ 1952ರಲ್ಲಿ ಪ್ಯಾರಿಸಿನಲ್ಲಿ ಬಳಕೆಗೆ ಬಂತು, ಹೆಸರು ಕ್ಲೋರ್‌ಪ್ರೊಮಜಿನ್. ನಮ್ಮ ದೇಶದ್ದೂ ಒಂದು ಹೆಮ್ಮೆಯ ಮಾತು ಇಲ್ಲಿದೆ. ಅದಕ್ಕಿಂತ ಎರಡು ದಶಕ ಮೊದಲೇ, 1931ರಲ್ಲಿ, ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ಇಬ್ಬರು ಬಂಗಾಳಿ ವೈದ್ಯರು ಸರ್ಪಗಂಧದ ಬೇರಿನಿಂದ ಉನ್ಮಾದವೂ ರಕ್ತದೊತ್ತಡವೂ ಇಳಿಯುತ್ತವೆ ಎಂದು ಬರೆದಿದ್ದರು. ಒಂದೇ ಬೇರು ತಲೆಯ ಮೇಲೂ ಕೆಲಸ ಮಾಡಿತು, ರಕ್ತನಾಳಗಳ ಮೇಲೂ ಕೆಲಸ ಮಾಡಿತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಾಮೂಲಿ ಔಷಧಿಗಳಿಂದ ಬಹಳ ಜನರಿಗೆ ಗುಣ ಕಾಣುತ್ತದೆ. ಆದರೆ ಒಂದು ಪಾಲು ಜನರಿಗೆ ಎರಡು ಬಗೆಯ ಔಷಧಿ ಸರಿಯಾಗಿ ಕೊಟ್ಟು ನೋಡಿದರೂ ಏನೂ ಆಗುವುದಿಲ್ಲ. ಅಂಥವರಿಗೆ ಉಳಿದಿರುವ ದಾರಿ ಕ್ಲೋಜಪಿನ್.

ಗುಳಿಗೆಗೆ ವಿಳಾಸ ಗೊತ್ತಿಲ್ಲ

"ತಲಿಗಿ ಕೊಟ್ಟ ಗುಳಿಗಿ ಎದಿಗಿ ಯಾಕ ಹೋಗಬೇಕು ಸರ್?" ಇದು ನ್ಯಾಯವಾದ ಪ್ರಶ್ನೆ.

ನಮ್ಮ ಕಡೆ ದಾಳಿಂಬೆ, ದ್ರಾಕ್ಷಿ ತೋಟಗಳಲ್ಲಿ ಹನಿ ನೀರಾವರಿ ನೋಡಿದ್ದೀರಿ. ಪೈಪಿನ ತೂತು ಎಲ್ಲಿದೆಯೋ ಅಲ್ಲಿನ ಬೇರಿಗೇ ಹನಿ ಬೀಳುತ್ತದೆ, ಸಾಲಿನ ನಡುವಿನ ಜಾಗ ಒಣಗಿಯೇ ಇರುತ್ತದೆ. ಕಾಲುವೆ ನೀರು ಹೊಲಕ್ಕೆ ಬಿಟ್ಟರೆ ಹಾಗಲ್ಲ, ಬೆಳೆಯೂ ತೋಯುತ್ತದೆ, ಕಸವೂ ತೋಯುತ್ತದೆ, ಬದುವೂ ತೋಯುತ್ತದೆ. ನುಂಗಿದ ಗುಳಿಗೆ ಈ ಎರಡನೆಯ ಜಾತಿಯದು. ಹೊಟ್ಟೆಯಲ್ಲಿ ಕರಗಿ, ಕರುಳಿನಿಂದ ರಕ್ತಕ್ಕೆ ಬಂದು, ಯಕೃತ್ತನ್ನು ದಾಟಿ, ರಕ್ತ ಹೋದಲ್ಲೆಲ್ಲ ಹೋಗುತ್ತದೆ. ಮಿದುಳಿಗೂ ಹೋಗುತ್ತದೆ, ಕಿಡ್ನಿಗೂ ಹೋಗುತ್ತದೆ, ಹೃದಯಕ್ಕೂ ಹೋಗುತ್ತದೆ. ನಮಗೆ ಬೇಕಾದ ಜಾಗದಲ್ಲಿ ಆದ ಕೆಲಸಕ್ಕೆ ಗುಣ ಎನ್ನುತ್ತೇವೆ, ಬೇಡದ ಜಾಗದಲ್ಲಿ ಆದ ಕೆಲಸಕ್ಕೆ ಅಡ್ಡಪರಿಣಾಮ ಎನ್ನುತ್ತೇವೆ. ಗುಳಿಗೆಯ ಮಟ್ಟಿಗೆ ಎರಡೂ ಒಂದೇ.

ಒಮ್ಮೆ ಬಿದ್ದು ಮತ್ತೆ ಎದ್ದ ಔಷಧಿ

ಕ್ಲೋಜಪಿನ್ನಿನ ಚರಿತ್ರೆ ಬೇರೆ ಔಷಧಿಗಳ ಹಾಗೆ ನೆಟ್ಟಗಿಲ್ಲ. 1958ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ಪಟ್ಟಣದ ವಾಂಡರ್ ಕಂಪನಿಯಲ್ಲಿ ಇದನ್ನು ತಯಾರಿಸಿದರು. (ಹಾಲಿಗೆ ಹಾಕುವ ಓವಲ್ಟಿನ್ ಪುಡಿ ಹುಟ್ಟಿದ್ದೂ ಇದೇ ಕಂಪನಿಯಲ್ಲಿ.) ಆಗಿನ ಔಷಧಿಗಳೆಲ್ಲ ರೋಗಿಯ ಕೈಕಾಲು ಬಿಗಿಯುವಂತೆ, ನಡುಗುವಂತೆ ಮಾಡುತ್ತಿದ್ದವು. ಕೈ ನಡುಗದಿದ್ದರೆ ಔಷಧಿ ಹತ್ತಿಲ್ಲ ಎಂದೇ ಎಷ್ಟೋ ವೈದ್ಯರು ತಿಳಿದಿದ್ದರು! ಕ್ಲೋಜಪಿನ್ ಅಂಥ ನಡುಕ ತರಲಿಲ್ಲ, ಆದರೂ ಗುಣ ಮಾಡಿತು. 1972ರ ಹೊತ್ತಿಗೆ ಯುರೋಪಿನ ಕೆಲವು ದೇಶಗಳಲ್ಲಿ ಮಾರಾಟಕ್ಕೆ ಬಂತು.

1975ರಲ್ಲಿ ಫಿನ್‌ಲೆಂಡಿನಿಂದ ಕೆಟ್ಟ ಸುದ್ದಿ ಬಂತು. ಈ ಔಷಧಿ ತೆಗೆದುಕೊಳ್ಳುತ್ತಿದ್ದ ಕೆಲವರ ರಕ್ತದಲ್ಲಿ ಬಿಳಿ ರಕ್ತಕಣಗಳು ಒಮ್ಮೆಲೇ ಕುಸಿದು, ಸೋಂಕು ತಗುಲಿ, 8 ಜನ ತೀರಿಕೊಂಡಿದ್ದರು. ಅನೇಕ ದೇಶಗಳಲ್ಲಿ ಔಷಧಿಯನ್ನು ಹಿಂದಕ್ಕೆ ಪಡೆದರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಏಕೆಂದರೆ ಬೇರೆ ಯಾವ ಗುಳಿಗೆಯಿಂದಲೂ ಗುಣ ಕಾಣದವರು ಹಾಗೇ ಉಳಿದಿದ್ದರು. 1988ರಲ್ಲಿ ಅಮೆರಿಕದ ಜಾನ್ ಕೇನ್ ಮತ್ತು ಸಂಗಡಿಗರು ಅಂಥ 268 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ ಪ್ರಕಟಿಸಿದರು. ಆರು ವಾರಗಳಲ್ಲಿ ಹಳೆಯ ಔಷಧಿಯಿಂದ ನೂರಕ್ಕೆ 4 ಜನರಿಗೆ ಗುಣ ಕಂಡಿತ್ತು, ಕ್ಲೋಜಪಿನ್ನಿನಿಂದ ನೂರಕ್ಕೆ 30 ಜನರಿಗೆ. ಮರುವರ್ಷ, 1989ರಲ್ಲಿ, ಅಮೆರಿಕದ ಸರ್ಕಾರ ಅದಕ್ಕೆ ಪರವಾನಗಿ ಕೊಟ್ಟಿತು. ಆದರೆ ಒಂದು ಕರಾರು ಹಾಕಿ: ಪ್ರತಿ ವಾರ ರಕ್ತ ತೆಗೆದು ಬಿಳಿ ಕಣಗಳನ್ನು ಎಣಿಸಬೇಕು.

ಹೀಗೆ ಕ್ಲೋಜಪಿನ್ ವಾಪಸು ಬಂತು, ಎಲ್ಲರ ಕಣ್ಣೂ ರಕ್ತಕಣಗಳ ಮೇಲೆ ನೆಟ್ಟಿತ್ತು. ಹೃದಯದ ಕಡೆ ಯಾರ ಲಕ್ಷ್ಯವೂ ಅಷ್ಟಾಗಿ ಇರಲಿಲ್ಲ.

ಹೃದಯದ ಸ್ನಾಯು ಮತ್ತು ಬಾವು

ಸ್ನಾಯುಗಳಲ್ಲಿ ಮೂರು ಬಗೆ ಎಂದು ನೀವು ಓದಿದ್ದೀರಿ: ಎಲುಬಿಗೆ ಹತ್ತಿಕೊಂಡವು, ಕರುಳು ಮೊದಲಾದ ಒಳ ಅಂಗಗಳ ನಯವಾದವು, ಮೂರನೆಯದು ಹೃದಯದ್ದು. ಕೈಯ ಸ್ನಾಯು ದಣಿದರೆ ಚೀಲ ಕೆಳಗಿಟ್ಟು ಕೂಡಬಹುದು. ಹೃದಯದ ಸ್ನಾಯುವಿಗೆ ಅಂಥ ಸೂಟಿ ಇಲ್ಲ. ನಿಮಿಷಕ್ಕೆ 72 ಬಡಿತವೆಂದರೆ ದಿನಕ್ಕೆ ಎಷ್ಟು? ಗುಣಿಸಿ ನೋಡಿ, ಲಕ್ಷ ದಾಟುತ್ತದೆ. ಪ್ರತಿ ಬಡಿತಕ್ಕೂ ಕೋಟ್ಯಂತರ ಸ್ನಾಯುಕೋಶಗಳು ಒಂದೇ ತಾಳದಲ್ಲಿ ಕುಗ್ಗಬೇಕು, ಹಿಗ್ಗಬೇಕು. ಈ ತಾಳ ವಿದ್ಯುತ್ ಸಂಕೇತದಿಂದ ನಡೆಯುತ್ತದೆ. ಇಸಿಜಿ ಯಂತ್ರ ಕಾಗದದ ಮೇಲೆ ಬರೆದು ತೋರಿಸುವುದು ಅದನ್ನೇ.

ಇನ್ನು ಬಾವು. ಶಾಸ್ತ್ರದ ಶಬ್ದ ಉರಿಯೂತ. ಜಾಲಿ ಮುಳ್ಳು ಕಾಲಿಗೆ ಚುಚ್ಚಿ ಒಳಗೇ ಮುರಿಯಿತು ಎನ್ನಿ. ಮರುದಿನ ಆ ಜಾಗ ಕೆಂಪಗಾಗುತ್ತದೆ, ಬಿಸಿಯಾಗುತ್ತದೆ, ಬಾತುಕೊಳ್ಳುತ್ತದೆ, ನೋಯುತ್ತದೆ. ಈ ನಾಲ್ಕು ಲಕ್ಷಣಗಳನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಬರೆದಿಟ್ಟಿದ್ದ, ಇವತ್ತಿಗೂ ವೈದ್ಯಕೀಯ ವಿದ್ಯಾರ್ಥಿಗಳು ಅದನ್ನೇ ಓದುತ್ತಾರೆ. ಮುಳ್ಳನ್ನು ಎದುರಿಸಲು ಬಿಳಿ ರಕ್ತಕಣಗಳು ಓಡಿ ಬರುತ್ತವೆ, ರಕ್ತನಾಳದ ಗೋಡೆ ಸಡಿಲಾಗಿ ನೀರು ಒಸರುತ್ತದೆ. ಕಾಲಿನಲ್ಲಿ ಇದು ನಡೆದರೆ ಎರಡು ದಿನ ಕುಂಟುತ್ತೇವೆ, ಮುಗಿಯಿತು.

ಇದೇ ಕೆಲಸ ಹೃದಯದ ಸ್ನಾಯುವಿನಲ್ಲಿ ನಡೆದರೆ? ಬಾತ ಸ್ನಾಯು ಸರಿಯಾಗಿ ಕುಗ್ಗುವುದಿಲ್ಲ. ಒಂದು ಬಡಿತಕ್ಕೆ ಹೋಗಬೇಕಾದಷ್ಟು ರಕ್ತ ಹೋಗುವುದಿಲ್ಲ. ಆ ಕೊರತೆ ತುಂಬಲು ಹೃದಯ ಹೆಚ್ಚು ಸಲ ಬಡಿಯುತ್ತದೆ. ಹಿಂದೆ ಉಳಿದ ರಕ್ತದ ಒತ್ತಡಕ್ಕೆ ಪುಪ್ಪುಸದಲ್ಲಿ ನೀರು ಸೇರಿ ಉಸಿರು ಹತ್ತುತ್ತದೆ. ವಿದ್ಯುತ್ ಸಂಕೇತದ ಹಾದಿಯಲ್ಲೇ ಬಾವು ಬಂದರೆ ತಾಳ ತಪ್ಪಿ ಹೃದಯ ನಿಂತೂಬಿಡಬಹುದು. ಇದಕ್ಕೆ ಮಯೋಕಾರ್ಡೈಟಿಸ್, ಅಂದರೆ ಹೃದಯಸ್ನಾಯುವಿನ ಉರಿಯೂತ ಎನ್ನುತ್ತಾರೆ. ಜಗತ್ತಿನಲ್ಲಿ ಇದಕ್ಕೆ ಹೆಚ್ಚಿನ ಕಾರಣ ವೈರಸ್ ಸೋಂಕು. ಗಂಟಲಮಾರಿ (ಡಿಫ್ತೀರಿಯಾ) ಬಂದವರಲ್ಲೂ ಆಗುತ್ತದೆ. ಔಷಧಿಯಿಂದ ಬರುವುದು ಕಡಿಮೆ, ಆದರೆ ಬರುತ್ತದೆ.

ಸಿಡ್ನಿಯವರು ಕಂಡದ್ದು

1999ರ ನವೆಂಬರಿನಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಕಿಲಿಯನ್ ಮತ್ತು ಸಂಗಡಿಗರ ಒಂದು ಸಣ್ಣ ಲೇಖನ ಬಂತು. ಅವರು ಮಾಡಿದ್ದು ಲೆಕ್ಕದ ಕೆಲಸ. 1993ರ ಜನವರಿಯಿಂದ 1999ರ ಮಾರ್ಚ್‌ವರೆಗೆ ಆಸ್ಟ್ರೇಲಿಯಾದಲ್ಲಿ ಸುಮಾರು 8000 ಜನ ಕ್ಲೋಜಪಿನ್ ಶುರು ಮಾಡಿದ್ದರು. ಅವರಲ್ಲಿ 15 ಜನರಿಗೆ ಹೃದಯಸ್ನಾಯುವಿನ ಉರಿಯೂತ ಆಗಿತ್ತು, ಐವರು ಸತ್ತಿದ್ದರು. ಇನ್ನೂ 8 ಜನರಿಗೆ ಹೃದಯಸ್ನಾಯು ನಿಧಾನವಾಗಿ ಸೋತು ಹಿಗ್ಗುವ ಕಾಯಿಲೆ ಬಂದಿತ್ತು, ಅವರಲ್ಲಿ ಒಬ್ಬರು ಸತ್ತಿದ್ದರು.

ಒಟ್ಟು ಸಂಖ್ಯೆಗಿಂತ ನನಗೆ ಮಹತ್ವದ್ದೆನಿಸುವುದು ಅವರು ಕಂಡ ಇನ್ನೊಂದು ಸಂಗತಿ. ಉರಿಯೂತದ ಆ ಹದಿನೈದೂ ಪ್ರಕರಣಗಳು ಗುಳಿಗೆ ಶುರು ಮಾಡಿದ ಮೂರು ವಾರಗಳ ಒಳಗೆ ಆಗಿದ್ದವು. ಔಷಧಿಗೂ ಬಾವಿಗೂ ಸಂಬಂಧವೇ ಇರದಿದ್ದರೆ ಅವು ಆರು ವರ್ಷಗಳ ತುಂಬ ಅಲ್ಲೊಂದು ಇಲ್ಲೊಂದು ಚೆಲ್ಲಿರಬೇಕಿತ್ತು. ಎಲ್ಲವೂ ಒಂದೇ ಮೂಲೆಯಲ್ಲಿ ರಾಶಿ ಬಿದ್ದಿವೆ ಎಂದರೆ ಸಂಬಂಧ ಇದೆ ಎಂದೇ ಅರ್ಥ. ದನದ ಮಂದೆಯಲ್ಲಿ ಹೊಸ ಹಿಂಡಿ ಹಾಕಿದ ವಾರದಲ್ಲೇ ಐದು ಎಮ್ಮೆಗೆ ಹೊಟ್ಟೆ ಉಬ್ಬಿದರೆ ರೈತ ಹಿಂಡಿಯ ಚೀಲದ ಕಡೆ ನೋಡುತ್ತಾನಲ್ಲ, ಅದೇ ತರ್ಕ.

ಮುಂದೆ ಬಂದ ಎಷ್ಟೋ ಅಧ್ಯಯನಗಳು ಇದನ್ನೇ ಖಚಿತ ಮಾಡಿದವು. ಹೆಚ್ಚಿನ ಪ್ರಕರಣಗಳು ಎರಡನೆಯ, ಮೂರನೆಯ ವಾರದಲ್ಲಿ ಬರುತ್ತವೆ. ಮೊದಲ ನಾಲ್ಕು ವಾರ ದಾಟಿತೆಂದರೆ ಈ ಭಯ ಬಹಳ ಕಡಿಮೆಯಾಗುತ್ತದೆ.

ಜ್ವರದ ಗೋಜಲು

ಈಗ ಕಷ್ಟದ ಭಾಗ. ಈ ಬಾವಿನ ಲಕ್ಷಣ ಏನು? ಮೈ ಬಿಸಿ, ಮೈಕೈ ನೋವು, ಸುಸ್ತು, ಎದೆ ಡವಡವ ಎನ್ನುವುದು, ಕೆಲವೊಮ್ಮೆ ಎದೆ ನೋವು, ಉಸಿರು ಹತ್ತುವುದು, ಕೆಲವರಿಗೆ ವಾಂತಿ-ಭೇದಿ. ಇದನ್ನು ಕೇಳಿ ನಮ್ಮ ಊರಲ್ಲಿ ಯಾರೇ ಆಗಲಿ ಏನಂತಾರ? "ನೆಗಡಿ ಜ್ವರ ಬಂದೈತಿ, ಒಂದು ಸೂಜಿ ಮಾಡಿಸ್ಕೊಂಡು ಬರ್ರಿ." ಹಾಗೆ ಅನ್ನುವುದು ಸಹಜ.

ಗೋಜಲು ಇನ್ನೂ ಒಂದು ಸುತ್ತು ಹೆಚ್ಚಿದೆ. ಕ್ಲೋಜಪಿನ್ ಶುರು ಮಾಡಿದ ಹೊಸದರಲ್ಲಿ, ಹೃದಯಕ್ಕೆ ಏನೂ ಆಗದೆಯೂ, ಬಹಳ ಜನರ ನಾಡಿ ಜೋರಾಗುತ್ತದೆ, ಕೆಲವರಿಗೆ ಸಣ್ಣ ಜ್ವರ ಬಂದು ತಾನೇ ಹೋಗುತ್ತದೆ. ಹಾಗಾದರೆ ಯಾವ ಜ್ವರ ಸುಮ್ಮನಿನದು, ಯಾವುದು ಅಪಾಯದ್ದು? ನಾಡಿ ಹಿಡಿದು ಹೇಳಲಾಗದು, ಹಣೆ ಮುಟ್ಟಿ ಹೇಳಲಾಗದು. ಪ್ರತಿ ಜ್ವರಕ್ಕೂ ಹೆದರಿ ಔಷಧಿ ನಿಲ್ಲಿಸಿದರೆ ಗುಣವಾಗಬೇಕಾದ ಎಷ್ಟೋ ಜನರ ಕೊನೆಯ ದಾರಿ ಮುಚ್ಚುತ್ತದೆ. ಯಾವ ಜ್ವರಕ್ಕೂ ಹೆದರದಿದ್ದರೆ ಒಬ್ಬರ ಪ್ರಾಣ ಹೋಗುತ್ತದೆ.

ಉತ್ತರ ರಕ್ತದಲ್ಲಿ ಸಿಕ್ಕಿತು. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಮುಚ್ಚಿಡುತ್ತಿದ್ದರು. ಹಗೇವಿನ ಜೋಳ ಬೆಳಗಾಗೆದ್ದರೆ ಓಣಿಯ ತುಂಬ ಬಿದ್ದಿದ್ದರೆ ಏನು ತಿಳಿಯಬೇಕು? ಹಗೇವು ಒಡೆದಿದೆ ಎಂದು. ಟ್ರೊಪೋನಿನ್ ಎಂಬ ಪ್ರೋಟೀನು ಹೃದಯದ ಸ್ನಾಯುಕೋಶದ ಒಳಗೆ ಇರುವಂಥದು, ಸ್ನಾಯು ಕುಗ್ಗಲು ಬೇಕಾಗುತ್ತದೆ. ಆರೋಗ್ಯವಂತರ ರಕ್ತದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಸ್ನಾಯುಕೋಶಕ್ಕೆ ಪೆಟ್ಟು ಬಿದ್ದಾಗ ಅದು ಸೋರಿ ರಕ್ತಕ್ಕೆ ಬರುತ್ತದೆ. ಹಾರ್ಟ್ ಅಟ್ಯಾಕ್ ಅನುಮಾನ ಬಂದವರಿಗೂ ಇದೇ ಪರೀಕ್ಷೆ ಮಾಡುತ್ತಾರೆ.

ಎರಡನೆಯದು ಸಿಆರ್‌ಪಿ. ಮೈಯಲ್ಲಿ ಎಲ್ಲೇ ಉರಿಯೂತ ಇದ್ದರೂ ಯಕೃತ್ತು ಇದನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಬೆಂಕಿ ಎಲ್ಲಿದೆ ಎಂದು ಇದು ಹೇಳುವುದಿಲ್ಲ, ಹೊಗೆ ಎದ್ದಿದೆ ಎಂದಷ್ಟೇ ಹೇಳುತ್ತದೆ. ಮೂರನೆಯದು ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ. ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಕುಡಿದು ಸೂಕ್ಷ್ಮದರ್ಶಕದಲ್ಲಿ ಕೆಂಪಾಗಿ ಕಾಣುವುದರಿಂದ ಈ ಹೆಸರು. ಮೈಗೆ ಒಗ್ಗದ್ದು ಬಂದಾಗ ಇವು ಹೆಚ್ಚುತ್ತವೆ. ಆದರೆ ಇವು ತಡವಾಗಿ ಏರುತ್ತವೆ, ಆದ್ದರಿಂದ ಇವನ್ನೇ ನಂಬಿ ಕೂಡುವಂತಿಲ್ಲ.

2011ರಲ್ಲಿ ಆಸ್ಟ್ರೇಲಿಯಾದ ಕ್ಯಾಥ್ಲಿನ್ ರೊನಾಲ್ಡ್‌ಸನ್ ಮತ್ತು ಸಂಗಡಿಗರು ಹೃದಯದ ಉರಿಯೂತ ಬಂದ 75 ಜನರನ್ನೂ ಅದೇ ಗುಳಿಗೆ ತೆಗೆದುಕೊಂಡು ಏನೂ ಆಗದ 94 ಜನರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ಒಂದು ಕ್ರಮ ಸೂಚಿಸಿದರು. ಗುಳಿಗೆ ಶುರು ಮಾಡುವ ಮುನ್ನ ಒಮ್ಮೆ ಪರೀಕ್ಷೆ, ಆಮೇಲೆ 7, 14, 21, 28ನೆಯ ದಿನ ಟ್ರೊಪೋನಿನ್ ಮತ್ತು ಸಿಆರ್‌ಪಿ. ಟ್ರೊಪೋನಿನ್ ಸಾಮಾನ್ಯ ಮಿತಿಯ ಎರಡು ಪಟ್ಟು ದಾಟಿದರೆ, ಅಥವಾ ಸಿಆರ್‌ಪಿ ಲೀಟರಿಗೆ 100 ಮಿಲಿಗ್ರಾಂ ದಾಟಿದರೆ ಗುಳಿಗೆ ನಿಲ್ಲಿಸಿ, ಎಕೋ ಯಂತ್ರದಲ್ಲಿ ಹೃದಯದ ಬಡಿತ ನೋಡಬೇಕು. ಅದಕ್ಕಿಂತ ಸಣ್ಣ ಏರಿಕೆ ಇದ್ದರೆ ಗುಳಿಗೆ ಮುಂದುವರಿಸಿ ದಿನಾಲು ಪರೀಕ್ಷೆ ಮಾಡುತ್ತ ಕಾಯಬಹುದು. ಹೆದರಿಕೆಯ ಜಾಗದಲ್ಲಿ ಒಂದು ಅಳತೆ ಬಂತು. ವಿಜ್ಞಾನದಲ್ಲಿ ನನಗೆ ಬಹಳ ಸೇರುವುದು ಇಂಥ ಗಳಿಗೆಗಳು.

ವೇಳೆಗೆ ನಿಲ್ಲಿಸಿ ಆಸ್ಪತ್ರೆಯಲ್ಲಿ ನೋಡಿಕೊಂಡರೆ ಬಹಳಷ್ಟು ಜನರ ಹೃದಯ ಮತ್ತೆ ಮೊದಲಿನಂತಾಗುತ್ತದೆ.

ಯಾಕೆ ಕೆಲವರಿಗೇ?

ಪೂರ್ತಿ ಉತ್ತರ ಇನ್ನೂ ಯಾರ ಹತ್ತಿರವೂ ಇಲ್ಲ. ಮೈಯ ರಕ್ಷಣಾ ವ್ಯವಸ್ಥೆ ಈ ಔಷಧಿಯನ್ನು ವೈರಿ ಎಂದು ತಿಳಿದು ಹೃದಯದ ಸ್ನಾಯುವಿನಲ್ಲಿ ಜಗಳಕ್ಕೆ ನಿಲ್ಲುತ್ತದೆ, ಅಂದರೆ ಒಂದು ಬಗೆಯ ಅಲರ್ಜಿ, ಎಂಬುದು ಮುಖ್ಯ ಊಹೆ. ಎರಡು-ಮೂರು ವಾರ ಬಿಟ್ಟು ಬರುವುದು, ಇಯೋಸಿನೋಫಿಲ್ ಏರುವುದು ಈ ಊಹೆಗೆ ಒಪ್ಪುತ್ತವೆ.

ಆದರೆ ಯಾವಾಗ ಅಪಾಯ ಹೆಚ್ಚು ಎಂಬುದು ಗೊತ್ತಾಗಿದೆ. ಡೋಸನ್ನು ಗಡಿಬಿಡಿಯಲ್ಲಿ ಏರಿಸಿದರೆ ಹೆಚ್ಚು. ವ್ಯಾಲ್‌ಪ್ರೊಯೇಟ್ ಎಂಬ ಇನ್ನೊಂದು ಗುಳಿಗೆ (ಮೂರ್ಛೆ ರೋಗಕ್ಕೂ ಕೊಡುತ್ತಾರೆ) ಜೊತೆಗಿದ್ದರೆ ಹೆಚ್ಚು. ವಯಸ್ಸು ಏರಿದಂತೆ ಸ್ವಲ್ಪ ಹೆಚ್ಚು. ಅದಕ್ಕೇ ಡಾಕ್ಟರು ಮೊದಲ ದಿನ 12.5 ಮಿಲಿಗ್ರಾಂ, ಅಂದರೆ 25ರ ಗುಳಿಗೆಯ ಅರ್ಧ ತುಂಡು ಕೊಟ್ಟು, ಆಮೇಲೆ ದಿನ ನೋಡಿ ನೋಡಿ ಏರಿಸುತ್ತಾರೆ. ಮನೆಯವರು "ಇಷ್ಟ್ಯ ಸಣ್ಣ ತುಂಡಿನಿಂದ ಏನಾಗ್ತದ?" ಎಂದು ತಾವೇ ಇಡೀ ಗುಳಿಗೆ ಕೊಡುವುದುಂಟು. ಈ ಗುಳಿಗೆಯ ವಿಷಯದಲ್ಲಿ ಹಾಗೆ ಮಾಡಲೇಬಾರದು.

ಇದರದೇ ಇನ್ನೊಂದು ಮುಖ ಇದೆ. ಗುಡ್ಡಾಪುರ ಜಾತ್ರೆಗೆ ಹೋದಾಗ ಗುಳಿಗೆ ಮನೆಯಲ್ಲೇ ಮರೆತು ಬಂದಿತೆನ್ನಿ, ಮೂರು ದಿನ ತಪ್ಪಿತು. ವಾಪಸು ಬಂದು ಮೊದಲಿನ ದೊಡ್ಡ ಡೋಸನ್ನೇ ಕೊಡುವಂತಿಲ್ಲ. 48 ಗಂಟೆಗಿಂತ ಹೆಚ್ಚು ತಪ್ಪಿದ್ದರೆ ಮತ್ತೆ ಆ ಅರ್ಧ ತುಂಡಿನಿಂದಲೇ, ಡಾಕ್ಟರನ್ನು ಕೇಳಿ, ಶುರು ಮಾಡಬೇಕು. ಮೈ ಆ ಔಷಧಿಯನ್ನು ಅಷ್ಟರಲ್ಲಿ ಮರೆತಿರುತ್ತದೆ. ರೂಢಿ ತಪ್ಪಿದ ಮೈಗೆ ಪೂರ್ತಿ ಡೋಸು ಬಿದ್ದರೆ ರಕ್ತದೊತ್ತಡ ಕುಸಿಯಬಹುದು.

ಬೀಡಿಯ ಮಾತೂ ಬರುತ್ತದೆ, ಇದು ನಿಮಗೆ ವಿಚಿತ್ರ ಅನಿಸಬಹುದು. ಕ್ಲೋಜಪಿನ್ನನ್ನು ಯಕೃತ್ತಿನಲ್ಲಿ ಒಡೆದು ಹಾಕುವ ಒಂದು ಕಿಣ್ವ ಇದೆ, ಹೆಸರು ಸಿವೈಪಿ1ಎ2. ಬೀಡಿ-ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಈ ಕಿಣ್ವವನ್ನು ಹೆಚ್ಚು ಮಾಡುತ್ತವೆ. ಹೀಗಾಗಿ ಬೀಡಿ ಸೇದುವವರ ರಕ್ತದಲ್ಲಿ ಔಷಧಿ ಬೇಗ ಖಾಲಿಯಾಗುತ್ತದೆ. ಅದೇ ಮನುಷ್ಯ ಆಸ್ಪತ್ರೆಗೆ ಸೇರಿ ಬೀಡಿ ಬಿಟ್ಟ ಎನ್ನಿ, ಗುಳಿಗೆ ಅಷ್ಟೇ ಇದ್ದರೂ ರಕ್ತದಲ್ಲಿ ಔಷಧಿಯ ಪ್ರಮಾಣ ಏರುತ್ತದೆ. ಈ ಕೆಲಸ ಮಾಡುವುದು ಹೊಗೆ, ತಂಬಾಕಿನ ನಿಕೋಟಿನ್ ಅಲ್ಲ. ಆದ್ದರಿಂದ ತಂಬಾಕು ತಿನ್ನುವವರಲ್ಲಿ ಈ ಪರಿಣಾಮ ಇಲ್ಲ. (ತಿಂದರೆ ಬಾಯಿಗೆ ಕ್ಯಾನ್ಸರ್ ಬರುತ್ತದೆ, ಅದು ಬೇರೆ ಲೆಕ್ಕ!) ಬೀಡಿ ಬಿಡುವುದು ಒಳ್ಳೆಯದೇ, ಆದರೆ ಬಿಡುವ ಮುನ್ನ ಡಾಕ್ಟರಿಗೆ ಹೇಳಬೇಕು, ಅವರು ಡೋಸು ಇಳಿಸುತ್ತಾರೆ. ಜೋರು ಜ್ವರ, ಸೋಂಕು ಬಂದಾಗಲೂ ಯಕೃತ್ತಿನ ಕೆಲಸ ಮಂದವಾಗಿ ಔಷಧಿ ರಕ್ತದಲ್ಲಿ ಏರುತ್ತದೆ.

ದವಾಖಾನೆಯಲ್ಲಿ ಹೇಳಬೇಕಾದ ಮಾತು

ಉಮದಿ, ಸಂಖ ಕಡೆಯವರಿಗೆ ಮಿರಜ ಎಂದರೆ ಸುಮಾರು ನೂರು ಕಿಲೋಮೀಟರಿನ ಹಾದಿ. ಕೆಲವರು ವಿಜಯಪುರಕ್ಕೆ ಹೋಗುತ್ತಾರೆ, ಕೆಲವರು ಧಾರವಾಡದ ಡಿಮ್ಹಾನ್ಸ್‌ಗೆ, ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ತಿಂಗಳ ಗುಳಿಗೆ ತರುತ್ತಾರೆ. ಮನೋವೈದ್ಯರು ಅಲ್ಲಿ, ಜ್ವರ ಬರುವುದು ಇಲ್ಲಿ. ಜ್ವರಕ್ಕೆ ನೋಡುವ ಊರ ಡಾಕ್ಟರಿಗೆ ತಲೆಯ ಗುಳಿಗೆಯ ವಿಷಯ ಹೇಳಲು ಮನೆಯವರಿಗೆ ನಾಚಿಕೆ. "ಊರಾಗ ಗೊತ್ತಾದ್ರ ಮದುವಿ ಸಂಬಂಧ ಬರೂದಿಲ್ಲ" ಎಂಬ ಅಂಜಿಕೆ. ನಿಜವಾದ ಅಪಾಯ ಈ ಮುಚ್ಚಿಡುವಿಕೆಯಲ್ಲಿ ಇದೆ, ಟ್ರೊಪೋನಿನ್ ಪರೀಕ್ಷೆ ಎಷ್ಟು ಚೆನ್ನಾಗಿದ್ದರೇನು, ಮಾಡಿಸಬೇಕೆಂದು ಯಾರಿಗೂ ಹೊಳೆಯದಿದ್ದರೆ?

ದೂರದ ಕಷ್ಟ ನೀಗಿಸುವ ಪ್ರಯತ್ನ ನಮ್ಮ ನಾಡಿನಲ್ಲೇ ಮೊದಲು ನಡೆಯಿತು. 1985ರ ಸುಮಾರಿಗೆ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದರು. ಅದನ್ನು ಮಾದರಿ ಮಾಡಿಕೊಂಡು 1996ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಯಾರಾದರೂ ಹೊಸದಾಗಿ ಈ ಗುಳಿಗೆ ಶುರು ಮಾಡಿದ್ದರೆ ಶುರುವಾದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಂದ ನಾಲ್ಕು ವಾರ ಎಣಿಸಿ. ಆ 28 ದಿನಗಳಲ್ಲಿ ಜ್ವರ, ಉಸಿರು ಹತ್ತುವುದು, ಎದೆ ನೋವು, ಕುಳಿತಲ್ಲೇ ನಾಡಿ 100-120 ದಾಟುವುದು ಯಾವುದು ಕಂಡರೂ ಮುಂದಿನ ತಾರೀಖಿನವರೆಗೆ ಕಾಯದೆ ಅದೇ ದಿನ ಡಾಕ್ಟರಿಗೆ ಫೋನು ಮಾಡಬೇಕು. ಉಸಿರು ಹತ್ತಿದ್ದರೆ, ಎದೆ ನೋಯುತ್ತಿದ್ದರೆ 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ. ಗುಳಿಗೆಯ ಖಾಲಿ ಹಾಳೆ ಜೊತೆಗಿರಲಿ. ಮಾತು ಇಷ್ಟೇ: "ಕ್ಲೋಜಪಿನ್ ಶುರು ಮಾಡಿ ಇಷ್ಟು ದಿನ ಆತ್ರಿ, ಈಗ ಜ್ವರ ಬಂದದ." ಮರಾಠಿಯಲ್ಲಿ ಹೇಳಬೇಕಾದರೆ ಜ್ವರಕ್ಕೆ ತಾಪ ಎನ್ನಿ, ಎದೆ ಡವಡವ ಎನ್ನುವುದಕ್ಕೆ "ಛಾತೀತ ಧಡಧಡತಂಯ", ಉಸಿರು ಹತ್ತುವುದಕ್ಕೆ "ದಮ ಲಾಗತೋಯ". ಗುಳಿಗೆಯ ಹೆಸರು ಎರಡೂ ಭಾಷೆಯಲ್ಲಿ ಒಂದೇ.

ಇದನ್ನೆಲ್ಲ ಓದಿ ಮನೆಗೆ ಹೋಗಿ "ಅಣ್ಣಾ, ಆ ಗುಳಿಗಿ ಬ್ಯಾಡ, ಎದಿಗಿ ಹೊಡಿತದ" ಎಂದು ಯಾರದಾದರೂ ಗುಳಿಗೆ ಬಿಡಿಸಿದರೆ ಈ ಲೇಖನ ಬರೆದದ್ದೇ ಕೇಡಾಗುತ್ತದೆ. ವರ್ಷಗಟ್ಟಲೆ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ಬಿಟ್ಟರೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ನಿಲ್ಲಿಸುವುದೋ ಬಿಡುವುದೋ ಡಾಕ್ಟರು ಹೇಳಬೇಕು. ಇನ್ನೊಂದು ಸಣ್ಣ ಮಾತು: ಈ ಗುಳಿಗೆಯಿಂದ ಮಲಬದ್ಧತೆ ಬಹಳ ಸಾಮಾನ್ಯ, ಅದನ್ನು ಹೇಳಲು ನಾಚಿ ಸುಮ್ಮನಿದ್ದು ಕರುಳು ಕಟ್ಟಿ ಜೀವಕ್ಕೆ ಅಪಾಯವಾದದ್ದೂ ಉಂಟು. ಅದನ್ನೂ ಡಾಕ್ಟರಿಗೆ ಹೇಳಬೇಕು.

ಲೆಕ್ಕ ಯಾವುದು ಸರಿ?

ಕೊನೆಗೆ ಗಣಿತದವರಿಗೆ ಒಂದು ವಿಚಾರ. 8000ದಲ್ಲಿ 15 ಎಂದರೆ ಸಾವಿರಕ್ಕೆ ಎರಡು ಕೂಡ ಆಗುವುದಿಲ್ಲ. ಆಮೇಲೆ ಆಸ್ಟ್ರೇಲಿಯಾದಲ್ಲಿ ಎಲ್ಲರಿಗೂ ವಾರವಾರ ಪರೀಕ್ಷೆ ಶುರುವಾದ ಮೇಲೆ ನೂರಕ್ಕೆ ಒಂದರಿಂದ ಮೂರು ಎಂದು ಲೆಕ್ಕ ಬಂತು. ಬೇರೆ ಎಷ್ಟೋ ದೇಶಗಳ ಲೆಕ್ಕ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. 2020ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಸಾವಿರಕ್ಕೆ ಸುಮಾರು 7 ಎಂದು ಬಂತು. ಒಂದೇ ಗುಳಿಗೆ, ಇಷ್ಟು ಅಂತರ ಏಕೆ? ಆಸ್ಟ್ರೇಲಿಯಾದಲ್ಲಿ ಡೋಸನ್ನು ಬೇಗ ಏರಿಸುತ್ತಿದ್ದುದು ಒಂದು ಕಾರಣ ಇರಬಹುದು. ಆದರೆ ನನಗೆ ಹೆಚ್ಚು ತೂಕದ್ದಾಗಿ ಕಾಣುವ ಕಾರಣ ಬೇರೆ: ಹುಡುಕಿದವರಿಗೆ ಸಿಗುತ್ತದೆ. ಜ್ವರ ಬಂದು ಸತ್ತವರ ಹೃದಯವನ್ನು ಯಾರೂ ಪರೀಕ್ಷಿಸದ ಊರಲ್ಲಿ ಹೃದಯದ ಉರಿಯೂತ ಸೊನ್ನೆಯಾಗಿಯೇ ಇರುತ್ತದೆ.

ಇನ್ನೊಂದು ತಕ್ಕಡಿಯನ್ನೂ ನೋಡಿ. 1975ರಲ್ಲಿ 8 ಜನ ಸತ್ತರು ಎಂದು ಜಗತ್ತಿಗೆ ಮೊದಲು ಎಚ್ಚರಿಕೆ ಕೊಟ್ಟ ಅದೇ ಫಿನ್‌ಲೆಂಡಿನಲ್ಲಿ 1996ರಿಂದ 2006ರವರೆಗೆ 66,881 ಸ್ಕಿಜೋಫ್ರೇನಿಯಾ ರೋಗಿಗಳ ದಾಖಲೆ ಪರಿಶೀಲಿಸಿದರು. 2009ರಲ್ಲಿ ಪ್ರಕಟವಾದ ಫಲ ಎಲ್ಲರಿಗೂ ಅಚ್ಚರಿ ತಂದಿತು. ಈ ಕಾಯಿಲೆಯ ಔಷಧಿಗಳಲ್ಲೆಲ್ಲ ಸಾವಿನ ಪ್ರಮಾಣ ಅತಿ ಕಡಿಮೆ ಇದ್ದದ್ದು ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ. ಅಪಾಯದ ಗುಳಿಗೆ ಎಂದು ಹೆಸರಾದದ್ದೇ ಹೆಚ್ಚು ಆಯುಷ್ಯ ಕೊಟ್ಟಿತ್ತು. ಆ ಗುಳಿಗೆ ತೆಗೆದುಕೊಳ್ಳುವವರ ಮೇಲೆ ಡಾಕ್ಟರರ ಕಣ್ಣು ಸದಾ ಇರುತ್ತದೆ ಎಂಬುದೂ ಇದಕ್ಕೆ ಒಂದು ಕಾರಣವಿರಬೇಕು ಎನ್ನುತ್ತಾರೆ.

ಹುಡುಕುವ, ಎಣಿಸುವ ವ್ಯವಸ್ಥೆ ನಮ್ಮ ದೇಶದಲ್ಲೂ ಇದೆ. 2010ರಲ್ಲಿ ಶುರುವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಕೇಂದ್ರ ಈಗ ಗಾಜಿಯಾಬಾದಿನಲ್ಲಿದೆ. ಯಾವುದೇ ಔಷಧಿಯಿಂದ ಅಡ್ಡಪರಿಣಾಮ ಆದರೆ ರೋಗಿಯಾಗಲಿ ಮನೆಯವರಾಗಲಿ ತಾವೇ ವರದಿ ಮಾಡಬಹುದು, ಡಾಕ್ಟರೇ ಬೇಕೆಂದಿಲ್ಲ. ಉಚಿತ ಫೋನು 1800-180-3024. ವರದಿಯ ಫಾರ್ಮು ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ. ಮನಸ್ಸಿನ ಕಾಯಿಲೆಯ ಬಗ್ಗೆ ಕೇಳಬೇಕಾದರೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ, ಭಾಷೆ ಕೇಳಿದಾಗ ಕನ್ನಡ ಆರಿಸಿಕೊಳ್ಳಿ.